ಕುರ್ಚಿಯ ಮುಂದೆ ನಿಂತ ಅಪ್ಪ

"ಕುಂದರ್ರಿ ಕಾಕಾ, ಕುಂದರ್ರಿ!" ಡಾಕ್ಟರು ಮೂರನೇ ಸಲ ಹೇಳಿದರು. ಅವರ ಮೊಬೈಲಿನಲ್ಲಿ ಸೆಕೆಂಡುಗಳು ಓಡುತ್ತಿದ್ದವು. ನಡೆದು ತಿರುಗಿ ಬಂದ ಅಪ್ಪ ಕುರ್ಚಿಯ ಮುಂದೆ ಕೈಕಟ್ಟಿ ನಿಂತೇ ಇದ್ದ.

ಬೆಳಗಾವಿಯ ಆಸ್ಪತ್ರೆ. ಅಪ್ಪನಿಗೆ ಮರೆವಿನ ಕಾಯಿಲೆ, ಜೊತೆಗೆ ಕೈಕಾಲು ಬಿಗಿಯುತ್ತವೆ. ಎಷ್ಟು ಬಿಗಿದಿವೆ ಎಂದು ಅಳೆಯುವುದು ಹೀಗೆ: ಕುರ್ಚಿಯಿಂದ ಎದ್ದು, ನೆಲಕ್ಕೆ ಅಂಟಿಸಿದ ಟೇಪಿನವರೆಗೆ ನಡೆದು, ತಿರುಗಿ ಬಂದು ಕೂರಬೇಕು. ಹೊತ್ತು ಜಾಸ್ತಿ ಹಿಡಿದರೆ ಗುಳಿಗೆ ಜಾಸ್ತಿ. ಹೋದ ಸಲ ಜಾಸ್ತಿ ಮಾಡಿದಾಗ ಅಪ್ಪನಿಗೆ ಇಲ್ಲದ ನಾಯಿಗಳು ಕಂಡವು. ಓಡಿಸಲು ಹೋಗಿ ಬಡಿಗೆಯಿಂದ ಅವ್ವನಿಗೇ ಹೊಡೆದ. ಗುಳಿಗೆ ಇಳಿಸಿದ ಮೇಲೆ ತಣ್ಣಗಾದ. ಮತ್ತೆ ಏರಿಸಿದರೆ ಅವ್ವ ಉಳಿಯುವುದಿಲ್ಲ.

"ಕುಂದರಪಾ! ಹೇಳಿದ್ದ ತಿಳಿಯೂದಿಲ್ಲೇನ?" ನಾನೂ ಒದರಿದೆ. ಭುಜ ಹಿಡಿದು ಅದುಮಿದೆ.

ಅಪ್ಪ ಕೈ ಕೊಡವಿದ. "ಲೇ, ಸಾಹೇಬ್ರು ನಿಂತಾರ. ಕಣ್ಣ ಕಾಣ್ಸೂದಿಲ್ಲ ನಿನಗ?"

ಖಾನಾಪುರದ ಕಚೇರಿಯೊಂದರಲ್ಲಿ ಅವನು ಸಿಪಾಯಿಯಾಗಿದ್ದ. ಸಾಹೇಬರು ನಿಂತಿರುವಾಗ ಒಂದು ದಿನವೂ ಕೂತವನಲ್ಲ. ನನ್ನ ಹೆಸರು ಮರೆತಿದ್ದಾನೆ, ಇದನ್ನು ಮರೆತಿಲ್ಲ.

ಡಾಕ್ಟರು ಮೊಬೈಲ್ ನಿಲ್ಲಿಸಿ ಕಾಗದದಲ್ಲಿ ಬರೆದುಕೊಂಡರು.

"ಅದನ್ನ ಹೊಡದ ಹಾಕ್ರಿ," ಅಂದೆ. "ನೀವು ಕುಂತ ನೋಡ್ರಿ, ಅಂವಾ ಕುಂದರತಾನ."

"ಹೊರಗ ಪಾಳಿ ನೋಡಿರೇನು? ನಾ ಕುಂತ್ಕೋತ ಟೆಸ್ಟ್ ಮಾಡ್ಲ್ಯಾ?"

"ಮಾಡ್ರಿ! ಗುಳಿಗಿ ನುಂಗಾಂವ ನಮ್ಮಪ್ಪ, ಹೊಡತಾ ತಿನ್ನಾಕಿ ನಮ್ಮವ್ವ. ನಿಮಗೇನ್ರೀ ತ್ರಾಸ?"

ಆಟೋ ನಗರದ ಗ್ಯಾರೇಜಿನಲ್ಲಿ ಕೆಲಸ ಮಾಡುವ ನನಗೆ ಕೂಗಿ ಮಾತಾಡಿ ರೂಢಿ. ಬಾಗಿಲಲ್ಲಿ ನಾಲ್ಕು ತಲೆ ಇಣುಕಿದವು. ಡಾಕ್ಟರು ಮುಖ ಗಂಟುಹಾಕಿಕೊಂಡು ಸ್ಟೂಲಿನ ಮೇಲೆ ಕೂತರು. ಅಪ್ಪ ಆ ಕ್ಷಣವೇ ಕೂತ.

ಮತ್ತೆ ಅಳೆದರು. ತಿರುಗುವಾಗ ಅಪ್ಪ ಇದ್ದಲ್ಲೇ ಸಣ್ಣ ಸಣ್ಣ ಹೆಜ್ಜೆ ಹಾಕಿದ. ಅದು ಕಾಯಿಲೆಯೇ, ನಾನು ಇಲ್ಲ ಅನ್ನುವುದಿಲ್ಲ. ಆದರೂ ಮೊದಲಿನದರ ಅರ್ಧ ಹೊತ್ತೂ ಹಿಡಿಯಲಿಲ್ಲ. ಡಾಕ್ಟರು ಹಳೆಯದನ್ನು ಗೀಚಿ ಹೊಸದನ್ನು ಬರೆದರು. "ಗುಳಿಗಿ ಈಗಿದ್ದಷ್ಟ ಇರ್ಲಿ," ಅಂದರು. ತಪ್ಪಾಯ್ತು ಅನ್ನಲಿಲ್ಲ.

ಖಾನಾಪುರದ ಬಸ್ಸಿನಲ್ಲಿ ನನಗೆ ಹೊಳೆಯಿತು. ಹೋದ ಸಲ ಗುಳಿಗೆ ಏರಿಸಿದಾಗಲೂ ಅಪ್ಪ ಹೀಗೇ ನಿಂತಿದ್ದ. ಬೇರೆ ಡಾಕ್ಟರು, ಅವರೂ ನಿಂತೇ ಅಳೆದಿದ್ದರು. ನಾನು ಪಕ್ಕದಲ್ಲೇ ಇದ್ದೆ. ಬೈದು, ಅದುಮಿ ಕೂರಿಸಿ, ಅವರು ಬರೆದುಕೊಟ್ಟ ಗುಳಿಗೆ ತಂದು ನಾನೇ ನುಂಗಿಸಿದ್ದೆ.

ಇಷ್ಟೇ. ಇನ್ನು ಹೇಳುವುದೇನೂ ಇಲ್ಲ.