ದಾಕ್ಷಾಯಣಿಯ ಗರಿಕಡ್ಡಿ

ತಂಪಾನೂರಿನ ನಮ್ಮ ವಠಾರದಲ್ಲಿ ದಾಕ್ಷಾಯಣಿಯನ್ನು ಹೊಗಳದವಳು ನಾನೊಬ್ಬಳೇ.

ಅವಳು ಕಾಸರಗೋಡಿನವಳು. ಗಂಡನಿಗೆ ಬ್ಯಾಂಕಿನ ಕೆಲಸ. ಕೊಚ್ಚಿಯಿಂದ ವರ್ಗವಾಗಿ ಇಲ್ಲಿಗೆ ಬಂದರು. ಬೆಳಗಾದರೆ ತೆಂಗಿನ ಗರಿಯ ಕಡ್ಡಿಯನ್ನು ಉದ್ದಕ್ಕೆ ಸೀಳಿ, ಬಗ್ಗಿಸಿ, ನಾಲಗೆ ಕೆರೆದು ಓಕರಿಸುವ ಸದ್ದು ಇಡೀ ವಠಾರಕ್ಕೆ ಕೇಳುತ್ತಿತ್ತು. ಅದೇನೂ ತಪ್ಪಲ್ಲ, ಇಲ್ಲಿ ಎಲ್ಲರೂ ಕೆರೆಯುತ್ತಾರೆ. ಆದರೆ ಇವಳಿಗೆ ತನ್ನ ನಾಲಗೆ ಸಾಲದು. ಕಂಡವರ ಮಕ್ಕಳನ್ನೆಲ್ಲ ಮಡಿಲಿಗೆ ಎಳೆದು ಕೆರೆದು, ಕೊನೆಗೆ ಕಲ್ಲುಸಕ್ಕರೆ ಕೊಡುತ್ತಿದ್ದಳು. ತಾಯಂದಿರಿಗೆ ಅದೇ ದೊಡ್ಡ ಉಪಕಾರ.

ಪಕ್ಕದ ಮನೆಯ ನಿರ್ಮಲ ಮೈಸೂರಿನವಳು. ಗಂಡ ನಟರಾಜ ರಾಕೆಟ್ ಕೇಂದ್ರದಲ್ಲಿದ್ದ. ಅವರ ಪುಟ್ಟ ಮಗ ದಿನಕರನಿಗೆ ಮೂತ್ರಪಿಂಡದ ಕಾಯಿಲೆ. ಅದಕ್ಕೆ ಕೊಡುತ್ತಿದ್ದ ಮಾತ್ರೆ ಮೈಯ ಊತ ಇಳಿಸುತ್ತಿತ್ತು, ಸೋಂಕು ತಡೆಯುವ ಶಕ್ತಿಯನ್ನೂ ಇಳಿಸುತ್ತಿತ್ತು. ಎಪ್ಪತ್ತನೇ ಇಸವಿಯಲ್ಲಿ ಅವನ ಬಾಯೊಳಗೆಲ್ಲ ಮೊಸರಿನಂಥ ಬಿಳಿ ಪದರ ಕಟ್ಟಿತು. ಡಾಕ್ಟರು ನೇರಳೆ ಔಷಧಿ ಬಳಿದು, "ಇದನ್ನು ಕೆರೆಯಲೇಬಾರದು, ಗಾಯವಾದರೆ ನಂಜೇರುತ್ತದೆ" ಎಂದು ಎಚ್ಚರಿಸಿದರು.

"ಎಂತದು ಮಾರಾಯ್ತಿ, ಮಗುವಿನ ಬಾಯಿಗೆ ಶಾಯಿ ಬಳಿದದ್ದು?" ಎಂದಳು ದಾಕ್ಷಾಯಣಿ. "ನಾಲಗೆ ಕೆರೆಯದಿದ್ರೆ ಮತ್ತೆಂತ ಆಗುದು!"

"ಡಾಕ್ಟ್ರು ಬೇಡ ಅಂದಿದಾರೆ ದಾಕ್ಷಾಯಣಮ್ಮ, ದಯವಿಟ್ಟು ಮುಟ್ಟಬೇಡಿ."

"ಮಕ್ಕಳ ಬಾಯಿ ಡಾಕ್ಟ್ರಿಗೆಂತ ಗೊತ್ತುಂಟು?"

ಮರುದಿನ ನಿರ್ಮಲ ಸ್ನಾನಕ್ಕೆ ಹೋದದ್ದೇ ತಡ, ದಾಕ್ಷಾಯಣಿ ಹಿತ್ತಿಲ ಬಾಗಿಲಿಂದ ಒಳಹೊಕ್ಕಳು. ಕಲ್ಲುಸಕ್ಕರೆ ತೋರಿಸಿದ್ದಕ್ಕೆ ಮಗು ತಾನೇ ಬಾಯಿ ತೆರೆಯಿತಂತೆ. ಕಿರುಚಾಟ ಕೇಳಿ ಓಡಿಹೋದೆ. ಕಡ್ಡಿಯಲ್ಲಿ ರಕ್ತ, ಮಗುವಿನ ಗಲ್ಲದಲ್ಲಿ ರಕ್ತ.

"ನೋಡಿ, ಈಗ ಹೇಗೆ ಚೊಕ್ಕ ಆಯ್ತು!" ಎಂದಳು ಪಾಪಿ.

ಸಂಜೆಗೇ ಜ್ವರ ಏರಿತು. ನಂಜು ರಕ್ತಕ್ಕೆ ಸೇರಿ ಆ ವಾರವೇ ದಿನಕರ ಆಸ್ಪತ್ರೆಯಲ್ಲಿ ತೀರಿಹೋದ. ನಿರ್ಮಲ ಈ ಊರಿನ ಮುಖ ನೋಡಲಾರೆನೆಂದು ಮೈಸೂರಿಗೆ ಹೊರಟುಹೋದಳು. ದಾಕ್ಷಾಯಣಿ ಕಣ್ಣೊರೆಸಿಕೊಳ್ಳುತ್ತ ಮನೆಮನೆಗೆ ಹೋಗಿ, ಆ ಶಾಯಿಯೇ ಮಗುವನ್ನು ಕೊಂದದ್ದು ಎಂದಳು. ವಠಾರವೆಲ್ಲ ತಲೆದೂಗಿತು. ನನ್ನ ಮೈಯೆಲ್ಲ ಉರಿದುಹೋಯಿತು. ಇವತ್ತಿಗೂ ಆ ಉರಿ ಆರಿಲ್ಲ.

ಈಗ ಎಪ್ಪತ್ತೊಂಬತ್ತನೇ ಇಸವಿ. ಮೊನ್ನೆ ಹೊಸ ಬಾಡಿಗೆಯವರು ತಮ್ಮ ಕೂಸನ್ನು ಅವಳ ಮಡಿಲಿಗೆ ಹಾಕಿದರು. ಅವಳು ಗರಿಕಡ್ಡಿ ಸೀಳುತ್ತಿದ್ದಳು. ನಾನು ಹೋಗಿ ಅದನ್ನು ಕಸಿದು, ಎಲ್ಲರೆದುರೇ ಮುರಿದು ಎಸೆದೆ.

"ದಿನಕರನ ಬಾಯಿ ಚೊಕ್ಕ ಮಾಡಿದ್ದು ಸಾಲಲಿಲ್ಲವಾ ನಿನಗೆ?"

ದಾಕ್ಷಾಯಣಿ ಮುಖವೆತ್ತಿ ನನ್ನನ್ನು ನೋಡಿದಳು.

"ಯಾವ ದಿನಕರ?" ಎಂದು ಕೇಳಿ, ಇನ್ನೊಂದು ಕಡ್ಡಿಗೆ ಕೈಹಾಕಿದಳು.