ಬಾವಿಯಿಂದ ಮೇಜಿನ ತನಕ

ಬೆಟ್ಟಸ್ವಾಮಿಯ ಪಕ್ಕದ ಮೇಜಿನಲ್ಲಿ ಕೆಲಸ ಮಾಡಿದವರಿಗೇ ಗೊತ್ತು, ತಲೆ ಚಚ್ಚಿಕೊಳ್ಳುವುದು ಅಂದರೆ ಏನು ಅಂತ. ಮೈಸೂರು ಸಂಸ್ಥಾನದಲ್ಲಿ ಯೂನಿವರ್ಸಿಟಿ ಶುರುವಾಗಿ ನಾಲ್ಕಾರು ವರ್ಷಗಳಾಗಿದ್ದ ಕಾಲ. ಬೆಂಗಳೂರಿನ ಕಾಲೇಜಿನಲ್ಲಿ ನಾನು ಭೌತಶಾಸ್ತ್ರದ ಡೆಮಾನ್‌ಸ್ಟ್ರೇಟರ್. ನಂಜನಗೂಡಿನ ಕಡೆಯ ಹದಿನಾರು ಎಂಬ ಊರಿನ ರೈತರ ಮನೆಯಿಂದ ಬಂದ ಅವನು ರಸಾಯನಶಾಸ್ತ್ರದವನು. ಯಾವ ಪುಡಿಯಲ್ಲಿ, ಯಾವ ನೀರಿನಲ್ಲಿ ಏನು ಬೆರೆತಿದೆ ಎಂದು ಕಂಡುಹಿಡಿಯುವುದನ್ನು ಹುಡುಗರಿಗೆ ಕಲಿಸುವುದು ಅವನ ಕೆಲಸ.

ಕಲಿಸುತ್ತಿದ್ದನೇ? ಅದೇ ನನ್ನ ತಕರಾರು. "ಸಾರ್, ಇದರಲ್ಲಿ ಏನಿದೆ?" ಎಂದು ಹುಡುಗ ಕೇಳಿದರೆ ಬೇರೆ ಮೇಷ್ಟ್ರು ಹೇಳಿ ಮುಗಿಸುತ್ತಾರೆ. ಇವನು, "ನಾನು ಸತ್ತೋಗಿದೀನಿ ಅಂದ್ಕೊಳಯ್ಯ. ಈಗ ಯಾರನ್ನ ಕೇಳ್ತೀಯ?" ಅನ್ನುತ್ತಿದ್ದ. ಹುಡುಗರೋ, ಇನ್ನೂ ಒಂದು ಕೈ ಮೇಲು. ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಉರು ಹೊಡೆದು ಒಪ್ಪಿಸುತ್ತಿದ್ದರು, ಕಣ್ಣೆದುರಿನ ಸೀಸೆಯನ್ನು ಮಾತ್ರ ನೋಡುತ್ತಿರಲಿಲ್ಲ. ಪಕ್ಕದವನಿಗೆ ಕೆಂಪು ಬಂದರೆ ಇವನಿಗೂ ಕೆಂಪೇ ಬರಬೇಕು! ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಆ ಬೇಸಿಗೆಯಲ್ಲಿ ಬೆಟ್ಟಸ್ವಾಮಿ ಹೊಸ ಹುಚ್ಚು ಹಚ್ಚಿಕೊಂಡ. ನಂಜನಗೂಡು, ನರಸೀಪುರದ ಕಡೆಯ ಬಾವಿಗಳ ನೀರನ್ನು ಹುಡುಗರೇ ತಂದು ಪರೀಕ್ಷೆ ಮಾಡಬೇಕಂತೆ. ಗಾಜಿನ ಸಾಮಾನನ್ನೆಲ್ಲ ಹುಲ್ಲಿನಲ್ಲಿ ಸುತ್ತಿ, ರೈಲಿಗೆ ಹೇರಿ, ನಂಜನಗೂಡಿನ ಒಂದು ಛತ್ರದಲ್ಲಿ ಇಳಿಸಿದೆವು. ಲೆಕ್ಕಕ್ಕೆ ಇನ್ನೊಬ್ಬ ಇರಲಿ ಎಂದು ನನ್ನನ್ನೂ ಎಳೆದುಕೊಂಡು ಬಂದಿದ್ದ.

ಅದರಲ್ಲಿ ಒಂದು ಬಾವಿ ಮಾತ್ರ ಆಟದ್ದಲ್ಲ. ನರಸೀಪುರದ ಹತ್ತಿರದ ಒಂದು ಹಳ್ಳಿ. ಹೆಸರು ಬೇಡ, ಅವರ ಮಕ್ಕಳು ಮೊಮ್ಮಕ್ಕಳು ಇನ್ನೂ ಇದ್ದಾರೆ. ಅಲ್ಲಿನ ಕೆಳಗಿನ ಕೇರಿಗೆ ಇದ್ದದ್ದು ಒಂದೇ ಬಾವಿ. ಅದರ ನೀರು ವಿಷ, ಮುಚ್ಚಿಸಬೇಕು ಎಂದು ಪಕ್ಕದ ಹೊಲದವನು ಅರ್ಜಿ ಹಾಕಿದ್ದ. ಬಾವಿ ಹೋದರೆ ಆ ಜಾಗ ತನ್ನ ಹೊಲಕ್ಕೆ ಸೇರುತ್ತದೆ ಎನ್ನುವ ಆಸೆ ಅವನದು. ಮೇಲಿನ ಕೇರಿಯ ಬಾವಿಗೆ ಇವರು ಹಗ್ಗ ಇಳಿಸುವ ಹಾಗಿಲ್ಲ. ಇವರದು ಮುಚ್ಚಿದರೆ ಬಿಸಿಲಿನಲ್ಲಿ ಹೊಳೆಯ ತನಕ ನಡೆಯಬೇಕು. ತಾಲ್ಲೂಕಿನ ಅಮಲ್ದಾರರು, "ಕಾಲೇಜಿನವರೇ ನೋಡಿ ಹೇಳಲಿ. ನೀರು ಕೆಟ್ಟಿದ್ದರೆ ಬುಧವಾರ ಮುಚ್ಚಿಸ್ತೀನಿ" ಎಂದಿದ್ದರು.

ಆ ನೀರು ತರಲು ಹೊರಟವನು ದೇವರಾಜು. ತರಗತಿಗೆ ಮೊದಲನೆಯವನು, ನರಸೀಪುರದ ಜಮೀನ್ದಾರರ ಮಗ. ಮನೆಯಲ್ಲೊಂದು ರಾತ್ರಿ ಇದ್ದು ಮಾರನೆಯ ದಿನ, ಭಾನುವಾರ, ಗಾಡಿಯಲ್ಲಿ ಬಂದ, ನೀರಿನ ಸೀಸೆಯನ್ನು ಮೇಜಿನ ಮೇಲಿಟ್ಟ. ನೀರನ್ನು ಕಾಯಿಸಿ ಬತ್ತಿಸಿ ಅಮೋನಿಯಾ ಹನಿ ಹಾಕಿದರೆ, ತಿಳಿನೀಲಿ! ಅಂದರೆ ತಾಮ್ರ.

"ಅರ್ಜಿ ನಿಜ ಸಾರ್!" ಎಂದು ಹುಡುಗರು ಕುಣಿದರು. ಪುಸ್ತಕದಲ್ಲಿದ್ದ ಬಣ್ಣ ಸೀಸೆಯಲ್ಲೂ ಬಂದಿತ್ತಲ್ಲ, ಅವರಿಗೆ ಅಷ್ಟು ಸಾಕು.

"ತಾಮ್ರ ಎಲ್ಲಿಂದ ಬಂತು?" ಎಂದ ಬೆಟ್ಟಸ್ವಾಮಿ.

ಬಂಡೆಯಿಂದ ಎಂದ ಒಬ್ಬ. ಯಾರೋ ತಾಮ್ರದ ಉಪ್ಪು, ಮೈಲುತುತ್ತ ಹಾಕಿರಬೇಕು ಎಂದ ಇನ್ನೊಬ್ಬ. "ಸುತ್ತಲಿನ ಬಾವಿಗಳಲ್ಲಿ ಯಾಕಿಲ್ಲ?" ಎಂದರೆ ಮತ್ತೆ ಪುಸ್ತಕ ತಿರುವಿದರು. ಸೋಮವಾರವೂ ಹಾಗೇ ಕಳೆಯಿತು. ನನಗೆ ತಡೆಯಲಾಗಲಿಲ್ಲ.

"ಅಯ್ಯೋ ಮಹರಾಯ, ಅದೇನಂತ ಹೇಳಿಬಿಡಬಾರದಾ? ಅಲ್ಲಿ ಜನರ ಬಾವಿ ಹೋಗ್ತಾ ಇದೆ, ನೀನಿಲ್ಲಿ ಒಗಟು ಹಾಕ್ಕೊಂಡು ಕೂತಿದೀಯಲ್ಲ!"

"ನನಗೆ ಗೊತ್ತಿದ್ದರೆ ತಾನೆ ಹೇಳೋದು?" ಎಂದ. ಆಮೇಲೆ ದೇವರಾಜುವನ್ನು ಎದುರಿಗೆ ಕೂರಿಸಿಕೊಂಡ. "ಆ ನೀರಿನ ಕತೆ ಹೇಳು. ಬಾವಿಯಿಂದ ಈ ಮೇಜಿನ ತನಕ. ಏನನ್ನೂ ಬಿಡಬೇಡ."

"ಬಾವಿ ಹತ್ರ ಹೋದೆ ಸಾರ್. ಆ ಕೇರಿ ಗುರುಸಿದ್ದಮ್ಮ ಅನ್ನೋಳು ಸೇದಿ ಮೇಲಿಂದ ಹುಯ್ದಳು. ಮನೆಗೆ ತಂದೆ. ಬೆಳಗ್ಗೆ ಇಲ್ಲಿಗೆ ಬಂದೆ."

"ಯಾವುದಕ್ಕೆ ಹುಯ್ದಳು?"

ದೇವರಾಜು ನೆಲ ನೋಡಿದ. "ಚೊಂಬಿಗೆ ಸಾರ್. ತಾಮ್ರದ್ದು. ಇಲ್ಲಿಗೆ ಬಂದ ಮೇಲೆ ಸೀಸೆಗೆ ಬಗ್ಗಿಸಿದೆ."

"ನಾನು ಕೊಟ್ಟಿದ್ದ ಸೀಸೆ?"

"ಅವ್ವ ಬೇಡ ಅಂದ್ರು. ಆ ಕೇರಿ ನೀರು ಬಿದ್ದ ಗಾಜನ್ನ ಮತ್ತೆ ಒಳಗೆ ಸೇರಿಸೋ ಹಾಗಿಲ್ವಂತೆ. ಚೊಂಬಾದ್ರೆ ಹುಣಸೆಹಣ್ಣು ಹಾಕಿ ತೊಳೆದ್ರೆ ಮಡಿ ಆಗುತ್ತೆ ಅಂತ. ಹೋಗೋಕ್ ಮುಂಚೆನೂ ಹುಣಸೆಹಣ್ಣು ಹಾಕೇ ತೊಳೆದು ಕೊಟ್ಟಿದ್ರು."

ನನ್ನ ಕೈ ಹಣೆಗೆ ಹೋಯಿತು. ಹುಣಸೆಯ ಹುಳಿ ಮೆತ್ತಿದ ತಾಮ್ರದ ಚೊಂಬಿನಲ್ಲಿ ನೀರು ರಾತ್ರಿಯಿಡೀ ಕುಳಿತಿದೆ, ಇವನು ಬಂದು ಬಾವಿಗೆ ತಾಮ್ರ ಹಚ್ಚುತ್ತಾನೆ! ಪ್ರೈಜು ಹುಡುಗ! ನನಗೆ ಎರಡು ಬಿಗಿಯುವಷ್ಟು ಸಿಟ್ಟು ಬಂತು.

ಬೆಟ್ಟಸ್ವಾಮಿ ಬಯ್ಯಲಿಲ್ಲ. ಅಷ್ಟಕ್ಕೇ ನಂಬಲೂ ಇಲ್ಲ, ಮಹಾನುಭಾವ! ಬೇರೆ ಚೊಂಬನ್ನು ಹುಣಸೆಹಣ್ಣಿನಲ್ಲಿ ಉಜ್ಜಿಸಿ, ಕಪಿಲೆಯ ನೀರು ತುಂಬಿಸಿ, ಬೆಳಗಿನ ತನಕ ಇಡಿಸಿದ. ಅದೇ ಹೊಳೆ ನೀರನ್ನು ಗಾಜಿನಲ್ಲೂ ಇಡಿಸಿದ. ಮಂಗಳವಾರ ಬೆಳಗ್ಗೆ ಚೊಂಬಿನ ನೀರು ನೀಲಿಯಾಯಿತು, ಗಾಜಿನದು ಆಗಲಿಲ್ಲ. ಆಗ ಎದ್ದ. "ಈಗ ಬಾವಿ ನೀರು ಬೇಕು. ತಪ್ಪು ಯಾರದೋ ಅವರೇ ತರಬೇಕು. ಗಾಜಿನ ಸೀಸೆಯಲ್ಲಿ, ಸ್ವಂತ ಕೈಯಲ್ಲಿ ಸೇದಿ."

ದೇವರಾಜುವಿನ ಮುಖ ಬಿಳುಚಿಕೊಂಡಿತು. ಗಾಡಿಯಲ್ಲಿ ನರಸೀಪುರದ ದಾರಿಯುದ್ದಕ್ಕೂ ಗಾಜಿನ ಸೀಸೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

ಬುಧವಾರ ನಾವು ಹೋದಾಗ ಮಣ್ಣು ತುಂಬಿದ ಗಾಡಿಗಳು ಆಗಲೇ ಬಾವಿಯ ಪಕ್ಕದಲ್ಲಿ ನಿಂತಿದ್ದವು. ಅಮಲ್ದಾರರು ಮರದ ನೆರಳಿನಲ್ಲಿ ಕೂತಿದ್ದರು. ಕೇರಿಯವರೆಲ್ಲ ದೂರದಲ್ಲಿ ನಿಂತಿದ್ದರು, ಕೊಡ ಹಿಡಿದುಕೊಂಡೇ. ದೇವರಾಜು ಹಗ್ಗಕ್ಕೆ ಕೈ ಹಾಕಿದ. ಗುರುಸಿದ್ದಮ್ಮ ಓಡಿ ಬಂದಳು.

"ಬ್ಯಾಡಿ ಬುದ್ದಿ, ನೀವ್ ಮುಟ್ಬ್ಯಾಡಿ! ಆಮೇಕೆ ನಮ್ ಮ್ಯಾಲ್ ಬತ್ತದೆ. ನಾನೇ ಸೇದ್ಕೊಡ್ತೀನಿ."

"ನಾನೇ ಸೇದಬೇಕು ಕಣವ್ವಾ" ಎಂದ ಹುಡುಗ. ಸೇದಿದ. ಗಾಜಿನ ಸೀಸೆಯನ್ನು ಅದೇ ನೀರಿನಲ್ಲಿ ತೊಳೆದು ತುಂಬಿದ, ಅಂಗಿಯೆಲ್ಲ ಒದ್ದೆ. ಮರದ ಕೆಳಗೇ ಸ್ಪಿರಿಟ್ ದೀಪ ಹಚ್ಚಿ ಬತ್ತಿಸಿ, ಅಮೋನಿಯಾ ಹಾಕಿದ. ಎಲ್ಲರೂ ಕತ್ತು ಚಾಚಿದೆವು. ನೀಲಿ ಬರಲಿಲ್ಲ. ಬೇರೆ ಪರೀಕ್ಷೆಗಳನ್ನೂ ಒಂದೊಂದಾಗಿ ಮಾಡಿ, "ಒಳ್ಳೇ ನೀರು ಸಾರ್" ಎಂದು ತಾನೇ ಅಮಲ್ದಾರರಿಗೆ ಹೇಳಿದ. ಮಣ್ಣಿನ ಗಾಡಿಗಳು ವಾಪಸ್ಸು ತಿರುಗಿದವು. ಹೆಂಗಸರು ಕೊಡ ತಂದು ಸಾಲಾಗಿ ನಿಂತರು. ನನಗೂ ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ.

ರಾತ್ರಿ ಮನೆಗೆ ಹೋಗಿದ್ದ ಹುಡುಗನನ್ನು ಕರೆಯಲು ಮಾರನೆಯ ಬೆಳಗ್ಗೆ ಅಲ್ಲಿಗೆ ಹೋದೆ. ದೇವರಾಜು ಜಗಲಿಯ ಮೇಲೆ ಹರಕು ಚಾಪೆಯಲ್ಲಿ ಕೂತಿದ್ದ. ಮುಂದೆ ಉಂಡ ಬಾಳೆಲೆ ಒಣಗಿ ಬಿದ್ದಿತ್ತು. ಬಾವಿಯ ನೀರು ತುಂಬಿದ್ದ ಗಾಜಿನ ಸೀಸೆಯನ್ನು ಬೇಲಿಯ ಗೂಟಕ್ಕೆ ತಲೆಕೆಳಗಾಗಿ ಸಿಕ್ಕಿಸಿದ್ದರು. ಅವನ ತಾಯಿ ವೆಂಕಟಮ್ಮ ಬಾಗಿಲಿಗೆ ಬಂದರು. ಅತ್ತು ಅತ್ತು ಕಣ್ಣು ಊದಿದ್ದವು.

"ಬನ್ನಿ ಮೇಷ್ಟ್ರೇ, ಒಳೀಕ್ ಬನ್ನಿ. ನೀರ್ ಕುಡೀರಿ" ಎಂದು ಚೊಂಬು ನೀಡಿದರು. ತಾಮ್ರದ್ದು. ಫಳಫಳ ಹೊಳೆಯುತ್ತಿತ್ತು.

"ನಿಮ್ಮ ಮಗ ಯಾಕೆ ತಾಯಿ ಹೊರಗೆ?"

"ಆ ಬಾವಿ ಮುಟ್ಟವ್ನಲ್ಲಾ! ಅವರಪ್ಪ ಒಳೀಕ್ ಸೇರಿಸ್ಬ್ಯಾಡ ಅಂದವ್ರೆ. ಚೊಂಬಾದ್ರೆ ಉಣಸೇಅಣ್ ಆಕಿ ತೊಳ್ದು ತಕೊಂಡೆ. ಮಗನ್ನ ಏನಾಕಿ ತೊಳೀಲಿ, ಏಳಿ ಮೇಷ್ಟ್ರೇ?"

ನನಗೆ ಬಾಯಾರಿಕೆ ಆಗಿತ್ತು. ಚೊಂಬನ್ನು ಎತ್ತುವಷ್ಟರಲ್ಲಿ ಜಗಲಿಯಿಂದ ದನಿ ಬಂತು.

"ಕುಡೀಬೇಡಿ ಸಾರ್. ರಾತ್ರಿಯಿಂದ ಅದರಲ್ಲೇ ಇದೆ ನೀರು."

ಚೊಂಬನ್ನು ಹೊಸಿಲ ಮೇಲೆ ಇಟ್ಟು, ಹೋಗಿ ಅವನ ಚಾಪೆಯ ಮೇಲೆ ಕೂತೆ.