ಅರವತ್ತನಾಲ್ಕು ಕೆಜಿಯ ಹರಕೆ

ಎರಡು ವಾರದ ಹಿಂದಿನ ಶನಿವಾರ. ಮಂಗಳಾರತಿ ತಗೊಳ್ಳೋಕೆ ಕೈ ಚಾಚಿದೆ ನೋಡಿ, ಬಳೆ ಸರ್ರನೆ ಜಾರಿ ಆರತಿ ತಟ್ಟೆಗೇ ಬಿತ್ತು. ಠಣ್!

ಬಸವೇಶ್ವರನಗರದಲ್ಲಿ ನಮ್ಮ ಬೀದಿ ಕೊನೆಗಿರುವ ಆಂಜನೇಯನ ಗುಡಿಯ ಅರ್ಚಕರು ಸುಲಭಕ್ಕೆ ನಗೋರಲ್ಲ. ಅವತ್ತು ನಕ್ಕರು. "ಏನಮ್ಮ, ಕಾಣಿಕೆನಾ?" ಅಂದರು. ಹಿಂದೆ ನಿಂತಿದ್ದ ಹೆಂಗಸು, "ಪುಣ್ಯವಂತೆ ಕಣ್ರೀ ನೀವು. ನನ್ನ ಬಳೆ ಸೋಪು ಹಚ್ಚಿದ್ರೂ ಬರಲ್ಲ" ಅಂದರು. ನನಗೆ ಒಳಗೊಳಗೇ ಹಿಗ್ಗು. (ದೇವರ ಮುಂದೆ ನಿಂತು ಹಿಗ್ಗಬಾರದು, ಗೊತ್ತು. ಹಿಗ್ಗಿದೆ.)

ಇದೆಲ್ಲ ಶುರುವಾಗಿದ್ದು ಹೋದ ವರ್ಷ, ಮಂಡಿನೋವಿನಿಂದ. ಆಗ ಎಪ್ಪತ್ತನಾಲ್ಕು ಕೆಜಿ ಇದ್ದೆ. ನೆಲದ ಮೇಲೆ ಕೂರೋಕಾಗದೆ ದೇವರ ಮನೆ ಮುಂದೆ ಪ್ಲಾಸ್ಟಿಕ್ ಸ್ಟೂಲ್ ಹಾಕ್ಕೊಂಡಿದ್ದೆ. ದೇವರಿಗಿಂತ ಎತ್ತರದಲ್ಲಿ ಕೂತು ಪೂಜೆ! ಡಾಕ್ಟರು, "ಹತ್ತು ಕೆಜಿ ಇಳಿಸಿ. ಅರವತ್ತನಾಲ್ಕಕ್ಕೆ ಬಂದ್ರೆ ಸಾಕು" ಅಂದರು.

ನನಗೆ ಡಯಟ್ ಚಾರ್ಟ್‌ನ ಭಯ ಇಲ್ಲ. ದೇವರ ಭಯ ಇದೆ. ಸೀದಾ ಆಂಜನೇಯನ ಮುಂದೆ ನಿಂತು ಹರಕೆ ಹೊತ್ತೆ. "ಅರವತ್ತನಾಲ್ಕು ಆಗೋವರೆಗೂ ಅನ್ನ ಮುಟ್ಟಲ್ಲಪ್ಪ. ಆದ ಮೇಲೆ ಮೊಸರನ್ನ ಮಾಡ್ಕೊಂಡು ಬಂದು, ನಿನಗೆ ನೈವೇದ್ಯ ಮಾಡಿಸಿ, ಎಲ್ಲರಿಗೂ ಹಂಚಿ ನಾನೂ ತಿಂತೀನಿ."

ಅರ್ಧ ಮುದ್ದೆ, ಸೊಪ್ಪಿನ ಸಾರು, ಸಂಜೆ ವಾಕಿಂಗ್. ಅಂತೂ ಅರವತ್ತನಾಲ್ಕು ಬಂತು. ಸ್ಟೂಲ್ ಹಿತ್ತಲಿಗೆ ಹೋಯಿತು, ನಾನು ನೆಲಕ್ಕೆ ಕೂತೆ. ಕೂತು ಏಳೋಕಾಗೋದು ಎಷ್ಟು ದೊಡ್ಡ ಕರುಣೆ ಅಂತ ಮಂಡಿ ನೋವಿದ್ದವರಿಗೇ ಗೊತ್ತು.

ಆದರೆ ಮೊಸರನ್ನ ಮಾಡಲಿಲ್ಲ.

ಯಾಕೆ? ಹರಕೆ ತೀರಿಸಿದರೆ ಅನ್ನ ತಿನ್ನಬೇಕು. ತಿಂದು ಮತ್ತೆ ಏರಿದರೆ? ಇಳಿಸೋದು ಕಲಿತಿದ್ದೆ. ನಿಲ್ಲಿಸೋದನ್ನ ಯಾರು ಹೇಳಿಕೊಟ್ಟಿದ್ದರು? 'ಅರವತ್ತೆರಡಾಗಲಿ, ಸೇಫ್' ಅಂದುಕೊಂಡೆ. ಆಮೇಲೆ ಅರವತ್ತು, ರೌಂಡ್ ಫಿಗರ್ ಅಲ್ವಾ! ಆಮೇಲೆ ಐವತ್ತೊಂಬತ್ತು. ದಿನಾ ಕಾಫಿಗೆ ಮುಂಚೆ ತೂಕ. ಅದೂ ಬಳೆ ತೆಗೆದಿಟ್ಟು! "ಮುತ್ತೈದೆ ಬರಿಗೈಲಿ ನಿಂತ್ಕೊಂಡು ಏನೇ ಮಾಡ್ತಿದೀಯ?" ಅಂತ ನಮ್ಮತ್ತೆ ಮಂಚದಿಂದಲೇ ಬೈತಿದ್ದರು.

ಬಳೆ ಬಿದ್ದ ಎರಡು ದಿನಕ್ಕೆ ರವಿಕೆಗಳನ್ನ ತಗೊಂಡು ಕಾಮಾಕ್ಷಿಪಾಳ್ಯದ ನಮ್ಮ ಟೈಲರ್ ಮಂಜುಳಾ ಹತ್ತಿರ ಹೋದೆ. "ಇನ್ನೊಂದಿಂಚು ಹಿಡಿ" ಅಂದೆ.

ಅವಳು ರವಿಕೆ ತಿರುಗಿಸಿ ನೋಡಿದಳು. ಒಳಗೆ ಸಾಲಾಗಿ ಮೂರು ಹೊಲಿಗೆ.

"ಆಂಟಿ, ಇದು ನಾಲ್ಕನೇ ಸಲ. ಎಷ್ಟೂಂತ ಹಿಡೀಲಿ? ಒಂದ್ ಕಡೆ ನಿಂತ್ಕೊಳ್ಳಿ ಆಂಟಿ!"

"ಹಾಗಾದ್ರೆ ಒಳಗಿನ ಬಟ್ಟೆ ಕತ್ತರಿಸಿಬಿಡು. ನಾನಿನ್ನು ದಪ್ಪ ಆಗಲ್ಲ."

"ಆಹಾ, ಕತ್ತರಿಸಿ ನಾಳೆ ನನ್ನೇ ಬೈಯೋಕಾ? ಒಳಗೆ ನಾಲ್ಕು ಬೆರಳು ಬಟ್ಟೆ ಬಿಡದೆ ನಾನು ಯಾರಿಗೂ ಹೊಲಿಯಲ್ಲ. ಮನುಷ್ಯರು ಅಂದ್ಮೇಲೆ ಅಷ್ಟು ಜಾಗ ಬೇಕು." ಅಂದವಳೇ ಕತ್ತರಿಯನ್ನ ಡ್ರಾಯರ್‌ಗೆ ಹಾಕಿದಳು. ನಾನು ಮುನಿಸಿಕೊಂಡು ಬಂದೆ.

ಮಾರನೇ ದಿನ ಬೆಳಿಗ್ಗೆ ಅದು ನಡೀತು.

ನಮ್ಮತ್ತೆಗೆ ಎಂಬತ್ತಮೂರು. ಕಾಲಲ್ಲಿ ಬಲ ಇಲ್ಲ, ನಾಲಿಗೆಯಲ್ಲಿ ಬೇಕಾದಷ್ಟಿದೆ. ಸ್ನಾನಕ್ಕೆ ನನ್ನ ಹೆಗಲ ಮೇಲೆ ಕೈ ಹಾಕ್ಕೊಂಡು ಬರ್ತಾರೆ. ಬಚ್ಚಲ ಬಾಗಿಲ ಹತ್ತಿರ ನನಗೆ ಒಂದು ಸಲ ಕಣ್ಣು ಕತ್ತಲೆ ಬಂತು. ಗೋಡೆಗೆ ಒರಗಿಕೊಂಡು ಇಬ್ಬರೂ ಮೆಲ್ಲಗೆ ಕುಸಿದು ಕೂತೆವು. ದೇವರು ದೊಡ್ಡವನು, ಏಟಾಗಲಿಲ್ಲ. ಆ ವಯಸ್ಸಿನ ಮೂಳೆ ಮುರಿದಿದ್ದರೆ?

ನಾನು ಅಳ್ತಾ ಇದ್ದೆ. ಅತ್ತೆ ನನ್ನ ಹೆಗಲು ತಡವಿ ನೋಡಿದರು.

"ಮೂಳೆ ಚುಚ್ಚುತ್ತೆ ಕಣೇ. ಮುಂಚೆ ಮೆತ್ತಗಿತ್ತು. ಎಷ್ಟು ದಿನದಿಂದ ಹೇಳೋಣ ಅಂತಿದ್ದೆ."

ಅಲ್ಲೇ, ಒದ್ದೆ ನೆಲದ ಮೇಲೆ, ಹರಕೆಯ ವಿಷಯ ಬಾಯಿಬಿಟ್ಟೆ.

"ಎಷ್ಟು ಅಂತ ಬೇಡ್ಕೊಂಡಿದ್ದೆ?"

"ಅರವತ್ತನಾಲ್ಕು."

"ಈಗೆಷ್ಟು?"

"ಐವತ್ತೊಂಬತ್ತು."

ಅತ್ತೆ ಹಣೆ ಚಚ್ಚಿಕೊಂಡರು. "ಅಲ್ಲ ಕಣೇ, ಅವನು ಯಾವತ್ತೋ ಕೊಟ್ಟಾಗಿದೆ. ನೀನು ಇನ್ನೂ ಕೈ ಒಡ್ಕೊಂಡೇ ನಿಂತಿದೀಯಲ್ಲೇ!"

ಡಾಕ್ಟರ ಹತ್ತಿರ ಹೋಗಿ ಬಂದೆ. ಅವರು ಇದನ್ನೇ ಇನ್ನಷ್ಟು ಖಾರವಾಗಿ ಹೇಳಿದರು.

ಶನಿವಾರ ಬೆಳಿಗ್ಗೆ ಎದ್ದು ಸ್ನಾನ ಮಾಡಿ ಅಕ್ಕಿ ತೊಳೆದೆ. ಎಷ್ಟೋ ತಿಂಗಳಿಂದ ಮನೆಯವರಿಗೆ ಅಂತ ತೊಳೀತಾನೇ ಇದ್ದೆ, ನನಗೂ ಅಂತ ತೊಳೆದಿದ್ದು ಅವತ್ತೇ. ಮೊಸರು, ಹಸಿಮೆಣಸಿನಕಾಯಿ, ಶುಂಠಿ, ಸಾಸಿವೆ ಒಗ್ಗರಣೆ. ನೈವೇದ್ಯ ಮುಗಿಸಿ ಅರ್ಚಕರು ಅಂಗೈಗೆ ಒಂದು ತುತ್ತು ಹಾಕಿದರು. ತಿಂದೆ. ಕಣ್ಣಲ್ಲಿ ನೀರು. (ಕೇಳಿದವರಿಗೆ ಮೆಣಸಿನಕಾಯಿ ಅಂದೆ.) ಬಳೆ ಮತ್ತೆ ಜಾರದ ಹಾಗೆ ದಾರ ಸುತ್ತಿದ್ದೆ. "ಇವತ್ತು ಕಾಣಿಕೆ ಇಲ್ವಾ ಅಮ್ಮ?" ಅಂದರು ಅವರು. ಎರಡನೇ ಸಲ ನಕ್ಕರು!

ಈಗ ಮಧ್ಯಾಹ್ನ ಒಂದು ಸೌಟು ಅನ್ನ. ತೂಕ ಭಾನುವಾರ ಮಾತ್ರ, ಬಳೆ ಹಾಕ್ಕೊಂಡೇ. ಮೊದಲ ಭಾನುವಾರ ಅರ್ಧ ಕೆಜಿ ಏರಿತ್ತು. ಸುಳ್ಳು ಯಾಕೆ ಹೇಳಲಿ, ಅವತ್ತು ಮಧ್ಯಾಹ್ನ ಸೌಟು ಹಿಡಿದ ಕೈ ಅರ್ಧಕ್ಕೇ ನಿಂತಿತ್ತು. ಆಮೇಲೆ ದೇವರ ಮನೆಯ ದೀಪ ನೋಡಿದೆ. ಹಚ್ಚೋಕೆ ಒಂದು ಕಡ್ಡಿ ಸಾಕು. ಆರದ ಹಾಗೆ ನೋಡ್ಕೊಳ್ಳೋದು ದಿನದ ಕೆಲಸ. ಉರೀತಿರೋ ದೀಪಕ್ಕೆ ಎಣ್ಣೆ ಹಾಕೋಕೆ ಯಾರಾದರೂ ಹೆದರ್ತಾರಾ? ಸೌಟು ತುಂಬಿಸಿ ಬಡಿಸಿಕೊಂಡೆ.

ಮಂಜುಳಾಗೂ ಫೋನ್ ಮಾಡಿದೆ. ಒಂದು ಹೊಲಿಗೆ ಬಿಚ್ಚು ಅಂತ.

ಇವತ್ತು ಬೆಳಿಗ್ಗೆ ಬಚ್ಚಲಿಗೆ ಹೋಗುವಾಗ ಕೇಳಿದೆ, "ಅತ್ತೆ, ಹೆಗಲು ಈಗ ಹೇಗಿದೆ?"

ಒತ್ತಿ ನೋಡಿದರು. "ಇನ್ನೂ ಸ್ವಲ್ಪ ಚುಚ್ಚುತ್ತೆ."

ಎಲ್ಲಿಗೆ ನಿಲ್ಲಬೇಕು ಅಂತ ಇನ್ನು ಆ ಕೈಯೇ ಹೇಳಲಿ.